ಛಾಯಾಚಿತ್ರಸಂಸ್ಕರಣದಲ್ಲಿ ವರ್ಣಭ್ರಾಂತಿ: ದೋಷಸ್ಥಾನದ ನಿರ್ಣಯ

ಕಾಮಾಲೆ ಹಿಡಿದವನಿಗೆ ಬಿಳಿಯ ಶಂಖವು ಹಳದಿಯಾಗಿ ತೋರುವುದೆಂಬುದು ಭ್ರಮಜ್ಞಾನಕ್ಕೆ ಶಾಸ್ತ್ರಕಾರರು ಕೊಡುತ್ತ ಬಂದಿರುವ ಪ್ರಸಿದ್ಧವಾದ ದೃಷ್ಟಾಂತ. ಅಲ್ಲಿ ದೋಷವು ಶಂಖದಲ್ಲಿಲ್ಲ, ನೋಡುವ ಇಂದ್ರಿಯದಲ್ಲಿದೆ. ಇದನ್ನರಿಯದೆ ಶಂಖಕ್ಕೆ ಸುಣ್ಣ ಬಳಿಯಹೊರಟವನು ಶಂಖವನ್ನು ಕೆಡಿಸುವನೇ ಹೊರತು ತನ್ನ ರೋಗವನ್ನು ಕಳೆದುಕೊಳ್ಳಲಾರನು. ಇದಕ್ಕೆ ತೀರ ಸಮಾನವಾದ ಪ್ರಸಂಗವು ಕಂಪ್ಯೂಟರಿನಲ್ಲಿ ಛಾಯಾಚಿತ್ರಗಳನ್ನು ತಿದ್ದುವವರಿಗೆ ಒದಗುವುದುಂಟು. ಫೋಟೋಶಾಪಿನಲ್ಲಿ ತೆರೆದ ಚಿತ್ರದ ಬಿಳುಪು ಹಳದಿಗೆ ತಿರುಗಿರುತ್ತದೆ; ಅದೇ ಚಿತ್ರವನ್ನು ಬೇರೊಂದು ಸಾಧಾರಣ ತಂತ್ರಾಂಶದಲ್ಲಿ ತೆರೆದರೆ ಬಿಳುಪು ಬಿಳುಪಾಗಿಯೇ ಇರುತ್ತದೆ. ಇಲ್ಲಿ ಯಾವುದು ಯಥಾರ್ಥ, ಯಾವುದು ಭ್ರಾಂತಿ ಎಂಬುದನ್ನು ನಿರ್ಣಯಿಸದೆ ತಿದ್ದಲು ತೊಡಗುವುದು ಅನರ್ಥಕ್ಕೆ ಕಾರಣ.

ಈ ಅನರ್ಥವು ಅಲ್ಪವಾದುದಲ್ಲ. ಓಲೆಗರಿಯ ಗ್ರಂಥದ ಚಿತ್ರವೊಂದನ್ನು ತೆಗೆದುಕೊಂಡರೆ, ಗರಿಯ ಕಂದುಬಣ್ಣ, ನೀರಿನ ಕಲೆ, ಕಂಠದಿಂದ ಕೊರೆದ ಗೀಟಿನಲ್ಲಿ ಉಳಿದ ಕಾಡಿಗೆ, ಹುಳು ತಿಂದ ರಂಧ್ರದ ನೆರಳು, ಇವುಗಳ ತಾರತಮ್ಯವು ಬಣ್ಣದಿಂದಲೇ ತಿಳಿಯತಕ್ಕುದು. ಕೆಟ್ಟ ಪರದೆಯನ್ನು ನಂಬಿ ಹಳದಿಯನ್ನು ಕಳೆದು ಉಳಿಸಿದ ಚಿತ್ರದಲ್ಲಿ ಆ ತಿದ್ದುಪಡಿಯು ಶಾಶ್ವತವಾಗಿ ಸೇರಿಹೋಗುತ್ತದೆ. ಮುಂದೆ ಗರಿಯೇ ಶಿಥಿಲವಾದಾಗ ಉಳಿಯುವ ಸಾಕ್ಷಿ ಆ ಚಿತ್ರವೊಂದೇ. ಲಿಪಿಕಾರನು ಮೂಲವನ್ನು ತಪ್ಪೆಂದು ಭಾವಿಸಿ ತಿದ್ದಿದ ಪಾಠದಂತೆ ಅದೂ ಪರಂಪರೆಯಾಗಿ ಮುಂದುವರಿಯುತ್ತದೆ.

ದೋಷಸ್ಥಾನವನ್ನರಿಯುವುದಕ್ಕೆ ಮೊದಲು ವರ್ಣವು ಯಂತ್ರದಲ್ಲಿ ಹೇಗಿರುತ್ತದೆಂಬುದನ್ನು ತಿಳಿಯಬೇಕು. ಸಾಮಾನ್ಯವಾದ ಚಿತ್ರದ ಫೈಲಿನಲ್ಲಿ ಬಣ್ಣವೆಂಬ ವಸ್ತುವಿಲ್ಲ. ಪ್ರತಿ ಬಿಂದುವಿಗೂ ಕೆಂಪು, ಹಸುರು, ನೀಲಿಗಳ ಪ್ರಮಾಣವನ್ನು ಸೂಚಿಸುವ ಮೂರು ಸಂಖ್ಯೆಗಳಿವೆ. ಎಂಟು ಬಿಟ್ಟುಗಳ ಚಿತ್ರದಲ್ಲಿ ಪ್ರತಿಯೊಂದೂ ೦ ಮೊದಲ್ಗೊಂಡು ೨೫೫ರ ವರೆಗೆ ಇರಬಹುದು. ಆದರೆ ೨೫೫ರಷ್ಟು ಹಸುರು ಎಂದರೆ ಯಾವ ಹಸುರು? ಸಂಖ್ಯೆಯಿಂದ ಮಾತ್ರವೇ ಅದು ತಿಳಿಯದು. ಮನುಷ್ಯನ ದೃಷ್ಟಿಯನ್ನು ಆಧರಿಸಿ ವರ್ಣಗಳನ್ನು ಅಳೆಯುವ ಕ್ರಮವು ೧೯೩೧ರಲ್ಲಿ ಅಂತರರಾಷ್ಟ್ರೀಯವಾಗಿ ನಿಶ್ಚಿತವಾಯಿತು. ೧೯೯೩ರಲ್ಲಿ ಸ್ಥಾಪಿತವಾದ ಇಂಟರ್‌ನ್ಯಾಷನಲ್ ಕಲರ್ ಕನ್ಸಾರ್ಷಿಯಂ ಎಂಬ ಸಂಸ್ಥೆಯು, ಆ ಅಳತೆಗೂ ಯಂತ್ರದ ಸಂಖ್ಯೆಗಳಿಗೂ ಇರುವ ಸಂಬಂಧವನ್ನು ಹೇಳುವ ಪ್ರೊಫೈಲ್ ಎಂಬ ವಿವರಣೆಗೆ ಒಂದು ರೂಪವನ್ನು ಗೊತ್ತುಮಾಡಿತು. ೧೯೯೬ರಲ್ಲಿ ಸೂಚಿತವಾಗಿ ೧೯೯೯ರಲ್ಲಿ ಮಾನಕವೆನಿಸಿದ ಎಸ್‌ಆರ್‌ಜಿಬಿ ಒಂದು ವರ್ಣವ್ಯವಸ್ಥೆ. ೧೯೯೮ರ ಅಡೋಬಿ ಆರ್‌ಜಿಬಿ ಮತ್ತೊಂದು. ಎರಡನೆಯದರಲ್ಲಿ ಹಸುರಿನ ವ್ಯಾಪ್ತಿ ಹೆಚ್ಚು. ಆದಕಾರಣ ಅಡೋಬಿ ಆರ್‌ಜಿಬಿಯ ಸಂಖ್ಯೆಗಳನ್ನು ಎಸ್‌ಆರ್‌ಜಿಬಿ ಎಂದು ಓದಿದರೆ ಚಿತ್ರವು ಪೇಲವವಾಗಿ ತೋರುವುದು. ವಿಪರ್ಯಯವಾದರೆ ಬಣ್ಣಗಳು ಅತಿಯಾಗಿ ಗಾಢವಾಗುವುವು.

ಇಲ್ಲಿ ಎರಡು ಕ್ರಿಯೆಗಳ ಭೇದವನ್ನು ಚೆನ್ನಾಗಿ ಗ್ರಹಿಸಬೇಕು. ‘ಅಸೈನ್ ಪ್ರೊಫೈಲ್’ ಎಂಬುದು ಸಂಖ್ಯೆಗಳನ್ನು ಹಾಗೆಯೇ ಇಟ್ಟು ಅವುಗಳ ಅರ್ಥವನ್ನು ಬದಲಿಸುತ್ತದೆ. ಒಂದೇ ಶಬ್ದವನ್ನು ಬೇರೊಂದು ಕೋಶದಿಂದ ಅರ್ಥೈಸಿದಂತೆ. ‘ಕನ್ವರ್ಟ್ ಟು ಪ್ರೊಫೈಲ್’ ಎಂಬುದು ಅರ್ಥವನ್ನು ಸಾಧ್ಯವಾದಷ್ಟು ರಕ್ಷಿಸುವುದಕ್ಕಾಗಿ ಸಂಖ್ಯೆಗಳನ್ನು ಬದಲಿಸುತ್ತದೆ, ಇದು ಅನುವಾದದಂತೆ. ಪ್ರೊಫೈಲ್ ಕಳೆದುಹೋದ ಅಥವಾ ತಪ್ಪಾಗಿ ಅಂಟಿದ ಚಿತ್ರಕ್ಕೆ ಮೊದಲನೆಯದೇ ಔಷಧ. ಸರಿಯಾದ ಪ್ರೊಫೈಲ್ ಇರುವ ಚಿತ್ರವನ್ನು ಬೇರೊಂದು ವ್ಯವಸ್ಥೆಗೆ ಒಯ್ಯುವಾಗ ಎರಡನೆಯದು. ಇವುಗಳ ವ್ಯತ್ಯಾಸವರಿಯದೆ ಒಂದಕ್ಕೆ ಬದಲಾಗಿ ಮತ್ತೊಂದನ್ನು ಮಾಡಿದರೆ ರೋಗವು ಇಮ್ಮಡಿಸುವುದು.

ಮಾನಿಟರಿಗೂ ಒಂದು ಪ್ರೊಫೈಲ್ ಉಂಟು. ಪೂರ್ವೋಕ್ತವಾದ ಪೀತಭ್ರಾಂತಿಗೆ ಅನೇಕವೇಳೆ ಅದೇ ಕಾರಣ. ಫೋಟೋಶಾಪಿನಂಥ ತಂತ್ರಾಂಶವು ಆ ವಿವರಣೆಯನ್ನು ನಂಬಿ ಸಂಖ್ಯೆಗಳನ್ನು ಪರಿವರ್ತಿಸಿ ಪರದೆಗೆ ಕಳುಹಿಸುತ್ತದೆ. ವಿವರಣೆಯೇ ಸುಳ್ಳಾಗಿದ್ದರೆ ಪರಿವರ್ತನೆಯೂ ಸುಳ್ಳಾಗುತ್ತದೆ. ವಿವರಣೆಯನ್ನು ಗಮನಿಸದ ತಂತ್ರಾಂಶವು ಸಂಖ್ಯೆಗಳನ್ನು ನೇರವಾಗಿ ಕಳುಹಿಸುವುದರಿಂದ ಅಲ್ಲಿ ಈ ಹಳದಿ ಕಾಣದು.

ನಿರ್ಣಯಕ್ಕೆ ಅನ್ವಯವ್ಯತಿರೇಕಗಳೇ ಸಾಧನ: ಯಾವುದು ಇದ್ದಾಗ ದೋಷವಿದ್ದು, ಇಲ್ಲದಾಗ ದೋಷವಿಲ್ಲವೋ ಅದೇ ಕಾರಣ. ಮೊದಲು ಹೊಸದಾದ ಬಿಳಿಯ ಹಾಳೆಯೊಂದನ್ನು ತಂತ್ರಾಂಶದಲ್ಲಿ ತೆರೆದು ‘ಇನ್ಫೋ’ ಎಂಬ ಫಲಕದಲ್ಲಿ ಸಂಖ್ಯೆಗಳನ್ನು ನೋಡಬೇಕು. ಮೂರೂ ೨೫೫ ಆಗಿದ್ದು ಕಣ್ಣಿಗೆ ಮಾತ್ರ ಹಳದಿಯಾಗಿ ತೋರಿದರೆ ದೋಷವು ಫೈಲಿನಲ್ಲಿಲ್ಲವೆಂಬುದು ಸಿದ್ಧ. ಬಳಿಕ ವಿಂಡೋಸಿನ ‘ಕಲರ್ ಮ್ಯಾನೇಜ್‌ಮೆಂಟ್’ ಎಂಬಲ್ಲಿ ಮಾನಿಟರಿಗೆ ತಾತ್ಕಾಲಿಕವಾಗಿ ಎಸ್‌ಆರ್‌ಜಿಬಿ ಪ್ರೊಫೈಲನ್ನು ಇಟ್ಟು, ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆಯಬೇಕು. ಹಳದಿ ಹೋದರೆ ಹಿಂದಿನ ಪ್ರೊಫೈಲೇ ದುಷ್ಟವಾದುದು. ಆದರೆ ಇದು ಪರೀಕ್ಷೆಯೇ ಹೊರತು ಪೂರ್ಣಚಿಕಿತ್ಸೆಯಲ್ಲ. ವರ್ಣಮಾಪಕಯಂತ್ರವನ್ನು ಪರದೆಗೆ ಹಿಡಿದು ಹೊಸ ಪ್ರೊಫೈಲನ್ನು ರಚಿಸುವುದೇ ಯುಕ್ತ. ಆಗ ಬಿಳುಪನ್ನು ೬೫೦೦ ಕೆಲ್ವಿನ್‌ಗೆ, ಕಾಂತಿಯನ್ನು ಚದರ ಮೀಟರಿಗೆ ಸುಮಾರು ೧೨೦ ಕ್ಯಾಂಡೆಲಾಗೆ ಹೊಂದಿಸುವುದು ವಾಡಿಕೆ.

ಎಲ್ಲ ತಂತ್ರಾಂಶಗಳಲ್ಲಿಯೂ ಹಳದಿ ಕಂಡರೆ ರಾತ್ರಿಯ ಹೊತ್ತು ನೀಲಿಯನ್ನು ತಗ್ಗಿಸುವ ಸೌಕರ್ಯವಾಗಲಿ, ಮಾನಿಟರಿನ ಗುಂಡಿಗಳಾಗಲಿ ಕಾರಣವಿರಬಹುದು. ಚಿತ್ರವು ಇದ್ದಕ್ಕಿದ್ದಂತೆ ಮಂಕಾದರೆ ‘ಪ್ರೂಫ್ ಕಲರ್ಸ್’ ಎಂಬುದನ್ನು ನೋಡಬೇಕು. ಅನ್ಯತ್ರ ರದ್ದಾದ ಕಾರ್ಯವನ್ನು ಮತ್ತೆ ಮಾಡಿಸುವ ಕಂಟ್ರೋಲ್ ಮತ್ತು ವೈ ಎಂಬ ಕೀಲಿಗಳ ಜೋಡಿಯು ಫೋಟೋಶಾಪಿನಲ್ಲಿ ಇದನ್ನು ತೆರೆಯುತ್ತದೆ; ಚಿತ್ರವು ಆಗ ಮುದ್ರಣದ ಬಣ್ಣಗಳ ಅನುಕರಣದಲ್ಲಿ ತೋರುತ್ತದೆ. ಅದೇ ಕೀಲಿಗಳನ್ನು ಮತ್ತೆ ಒತ್ತಿದರೆ ಯಥಾಸ್ಥಿತಿ.

ಕಪ್ಪು ಚೌಕಗಳು, ಹರಿದಂತಿರುವ ಗೆರೆಗಳು, ಹಿಗ್ಗಿಸಿದಾಗ ಚಿತ್ರವೇ ಮಾಯವಾಗುವುದು, ಇವು ವರ್ಣದೋಷಗಳಲ್ಲ; ಬಹುಶಃ ಗ್ರಾಫಿಕ್ಸ್ ಕಾರ್ಡಿನ ಅಥವಾ ಅದರ ಡ್ರೈವರಿನ ದೋಷಗಳು. ‘ಪ್ರಿಫರೆನ್ಸಸ್’ನ ‘ಪರ್ಫಾರ್ಮೆನ್ಸ್’ ವಿಭಾಗದಲ್ಲಿ ಗ್ರಾಫಿಕ್ಸ್ ಪ್ರೊಸೆಸರಿನ ಬಳಕೆಯನ್ನು ತಡೆದು ತಂತ್ರಾಂಶವನ್ನು ಮತ್ತೆ ತೆರೆದಾಗ ಅವು ನಿಂತುಹೋದರೆ, ಕಾರ್ಡಿನ ತಯಾರಕರು ಒದಗಿಸುವ ಹೊಸ ಡ್ರೈವರನ್ನು ಹಾಕಬೇಕು. ಇಲ್ಲಿಯೂ ಫೈಲಿಗೆ ಹಾನಿಯಿಲ್ಲ.

ಫೈಲಿನಲ್ಲಿಯೇ ನೆಲಸುವ ದೋಷವೂ ಇಲ್ಲದಿಲ್ಲ. ಎಂಟು ಬಿಟ್ಟುಗಳ ಚಿತ್ರವನ್ನು ಮೇಲಿಂದ ಮೇಲೆ ತೀವ್ರವಾಗಿ ತಿದ್ದಿದರೆ ನಡುವಣ ಸಂಖ್ಯೆಗಳು ಲೋಪವಾಗಿ, ಆಕಾಶದಂಥ ನಯವಾದ ಭಾಗಗಳಲ್ಲಿ ಮೆಟ್ಟಿಲುಗಳಂತೆ ಪಟ್ಟೆಗಳು ಮೂಡುವುವು. ಲುಪ್ತವಾದ ಸಂಖ್ಯೆಗಳು ಮರಳಿ ಬಾರವು. ಆದ್ದರಿಂದ ಹದಿನಾರು ಬಿಟ್ಟುಗಳಲ್ಲಿ, ಅದೂ ಮೂಲವನ್ನು ಬೇರೆಯಾಗಿ ಕಾದಿರಿಸಿ ಪ್ರತಿಯ ಮೇಲೆ ಮಾತ್ರ, ಸಂಸ್ಕರಣವನ್ನು ನಡೆಸುವುದು ಶ್ರೇಯಸ್ಕರ.

ಗ್ರಂಥಗಳ ಚಿತ್ರಗಳನ್ನು ತೆಗೆಯುವಾಗ ಗರಿಯ ಪಕ್ಕದಲ್ಲಿ ತಟಸ್ಥವಾದ ಬೂದುಬಣ್ಣದ ಫಲಕವೊಂದನ್ನು ಇಡತಕ್ಕುದು. ಬಿಳುಪನ್ನು ಸರಿಯಾಗಿ ಹೊಂದಿಸಿದ ಚಿತ್ರದಲ್ಲಿ, ಮೇಲೆ ಹೇಳಿದ ಎರಡು ವರ್ಣವ್ಯವಸ್ಥೆಗಳಲ್ಲಿ ಯಾವುದರಲ್ಲಾದರೂ, ಆ ಫಲಕದ ಮೂರು ಸಂಖ್ಯೆಗಳು ಬಹುಮಟ್ಟಿಗೆ ಸಮವಾಗಿರುವುವು. ಯಾವ ಪರದೆಯ ಮುಂದೆ ಕುಳಿತವನಾದರೂ, ಎಷ್ಟು ವರ್ಷಗಳ ಮೇಲಾದರೂ, ಅವುಗಳನ್ನು ಓದಿ ಗರಿಯ ಹಳದಿಯು ಗರಿಯದೋ ತನ್ನ ಯಂತ್ರದ್ದೋ ಎಂಬುದನ್ನು ಕಣ್ಣಿನ ಹಂಗಿಲ್ಲದೆ ವಿಚಾರಿಸಬಹುದು.