ಮಿತವ್ಯಯದಲ್ಲಿ ಹೊಟ್ಟೆತುಂಬ ನಿರ್ವಿಷ ಊಟ

ರಾಸಾಯನಿಕಗಳಿಲ್ಲದೆ ಬೆಳೆದ ಆಹಾರ ಒಳ್ಳೆಯದೆಂಬ ಮಾತನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಸಾವಯವ ಮಳಿಗೆಯ ದರವನ್ನು ನೋಡಿದೊಡನೆ ಕೂಲಿಯ ಮೇಲೆ, ಸಣ್ಣ ಸಂಬಳದ ಮೇಲೆ ಸಂಸಾರ ನಡೆಸುವ ಸದ್ಭಕ್ತರು ಹಿಂದೆ ಸರಿಯುತ್ತಾರೆ. ಹಾಗಾದರೆ ನಿರ್ವಿಷವಾದ ಅನ್ನವು ಉಳ್ಳವರ ಸೊತ್ತೇ? ಅಲ್ಲವೆಂಬುದೇ ಈ ಲೇಖನದ ಉತ್ತರ. ಮಳಿಗೆಯ ಚೀಟಿಯನ್ನು ನೋಡುವ ಮೊದಲು ಬೆಳೆಯ ಗುಣವನ್ನು ಅರಿತರೆ, ಕಡಿಮೆ ಖರ್ಚಿನಲ್ಲಿಯೇ ಬಹುಪಾಲು ಸಾವಯವವಾದ, ಹೊಟ್ಟೆತುಂಬುವ ಊಟ ಸಾಧ್ಯವಿದೆ.

ಇದು ಕೇವಲ ಅಭಿರುಚಿಯ ಪ್ರಶ್ನೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಸುಮಾರು ಶೇ. 35ರಷ್ಟು ಮಂದಿಯ ಬೆಳವಣಿಗೆ ಕುಂಠಿತವಾಗಿದೆ; 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆಯಿದೆ. ಜೋಳ, ಕಾಳು, ಸೊಪ್ಪುಗಳ ನಾಡಿನಲ್ಲಿ ಇಂಥ ಸ್ಥಿತಿ ಒದಗಿರುವುದು ಚಿಂತಿಸಬೇಕಾದ ಸಂಗತಿ. ಮಕ್ಕಳ ಕೈಗೆ ನಿತ್ಯ ಹತ್ತು ರೂಪಾಯಿಯ ಕುರುಕಲು ಪೊಟ್ಟಣವನ್ನು ಕೊಡುವ ಮನೆಯು ತಿಂಗಳಿಗೆ ಒಂದು ಮಗುವಿನ ಮೇಲೆಯೇ 300 ರೂಪಾಯಿ ವ್ಯಯಿಸುತ್ತದೆ. ಆ ಹಣ ಕಾಳಿಗೆ, ಶೇಂಗಾಕ್ಕೆ ಸಂದರೆ ಇಡೀ ಮನೆಗೆ ಬಲ ಬರುತ್ತದೆ.

ಬೆಳೆಯನ್ನು ಅರಿತು ಕೊಳ್ಳುವುದು

ಎಲ್ಲ ಬೆಳೆಗಳಿಗೂ ಸಮಾನವಾಗಿ ಔಷಧಿ ಸಿಂಪಡಿಸುವುದಿಲ್ಲ. ವಿಜಯಪುರ, ಬಾಗಲಕೋಟೆ, ಕಲಬುರಗಿ ಭಾಗದ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳವು ನೆಲದಲ್ಲಿ ಉಳಿದ ತೇವದ ಮೇಲೆಯೇ ಬೆಳೆಯುತ್ತದೆ. ಅದಕ್ಕೆ ಗೊಬ್ಬರವೂ ಅಲ್ಪ, ಸಿಂಪರಣೆಯೂ ಅಲ್ಪ. ನವಣೆ, ಸಜ್ಜೆ, ಸಾಮೆ, ರಾಗಿಗಳಿಗೆ ಕೀಟಬಾಧೆ ಕಡಿಮೆ. ಹುರುಳಿ, ಮಡಿಕೆಕಾಳುಗಳು ಬರಡು ನೆಲದಲ್ಲಿಯೂ ಆರೈಕೆಯಿಲ್ಲದೆ ಬರುತ್ತವೆ. ಇವುಗಳ ಮೇಲೆ ಸಾವಯವ ಮುದ್ರೆ ಇರಲಿ ಬಿಡಲಿ, ಪರಿಚಿತ ಒಣಬೇಸಾಯದ ರೈತನಿಂದ ಕೊಂಡರೆ ಅವು ಬಹುಮಟ್ಟಿಗೆ ನಿರ್ವಿಷವಾಗಿಯೇ ಇರುತ್ತವೆ.

ಇದಕ್ಕೆ ವಿರುದ್ಧವಾಗಿ ಹೂಕೋಸು, ಎಲೆಕೋಸು, ಬದನೆ, ಮೆಣಸಿನಕಾಯಿ, ದ್ರಾಕ್ಷಿಗಳಿಗೆ ಸಿಂಪರಣೆ ಹೆಚ್ಚು. ತೊಗರಿಗೂ ಕಾಯಿಕೊರಕ ಹುಳುವಿನ ಕಾರಣದಿಂದ ಔಷಧಿ ಹೊಡೆಯುವುದು ವಾಡಿಕೆ. ತೊಳೆಯುವುದರಿಂದ ಮೇಲ್ಮೈಯ ಅಂಶ ತಗ್ಗುತ್ತದೆಯೇ ಹೊರತು ಒಳಗೆ ಹೀರಿಕೊಂಡದ್ದು ಹೋಗುವುದಿಲ್ಲ. ಆದ್ದರಿಂದ ಕೈಯಲ್ಲಿರುವ ಹೆಚ್ಚುವರಿ ಹಣವನ್ನು ಸಾವಯವ ಜೋಳಕ್ಕಿಂತ ಸಾವಯವ ತೊಗರಿಗೆ, ಒಣಮೆಣಸಿನಕಾಯಿಗೆ ವಿನಿಯೋಗಿಸುವುದು ವಿವೇಕ. ಅದೂ ಆಗದಿದ್ದರೆ ವಾರದಲ್ಲಿ ಮೂರು ದಿನ ತೊಗರಿಯ ಬದಲು ಹುರುಳಿ, ಮಡಿಕೆ, ಅಲಸಂದೆಗಳನ್ನು ಬಳಸಬಹುದು.

ಒಂದು ತಿಂಗಳ ಲೆಕ್ಕ

ಇಬ್ಬರು ಮಕ್ಕಳು, ಒಬ್ಬ ಹಿರಿಯರು ಸೇರಿ ಐದು ಜನರ ಕುಟುಂಬವನ್ನು ತೆಗೆದುಕೊಳ್ಳೋಣ. ತಲೆಗೆ ದಿನಕ್ಕೆ ಸರಾಸರಿ 300 ಗ್ರಾಂ ಧಾನ್ಯದಂತೆ ತಿಂಗಳಿಗೆ 45 ಕಿಲೋ ಬೇಕು. ಪಡಿತರದ ಅಕ್ಕಿಯಿಂದ 20 ಕಿಲೋ ತುಂಬಿದರೆ, ಉಳಿದ 25 ಕಿಲೋ ಜೋಳವನ್ನಷ್ಟೇ ಕೊಳ್ಳಬೇಕಾಗುತ್ತದೆ. ಇದರೊಂದಿಗೆ ಬೇಳೆಕಾಳು 10 ಕಿಲೋ, ಶೇಂಗಾ 2 ಕಿಲೋ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ, ಅಕ್ಕಿಯಲ್ಲಿ 8 ಗ್ರಾಂ, ತೊಗರಿಬೇಳೆ ಹಾಗೂ ಹುರುಳಿಯಲ್ಲಿ 22 ಗ್ರಾಂ, ಶೇಂಗಾದಲ್ಲಿ 23 ಗ್ರಾಂ ಪ್ರೋಟೀನ್ ಇರುತ್ತದೆ. ಈ ಲೆಕ್ಕದಲ್ಲಿ ಮೇಲಿನ ಪದಾರ್ಥಗಳಿಂದಲೇ ತಲೆಗೆ ದಿನಕ್ಕೆ ಸುಮಾರು 45 ಗ್ರಾಂ ಪ್ರೋಟೀನ್ ದೊರೆಯುತ್ತದೆ. 60 ಕಿಲೋ ತೂಕದ ವಯಸ್ಕರಿಗೆ ಬೇಕಾದುದು ಸುಮಾರು 50 ಗ್ರಾಂ. ಮಕ್ಕಳಿಗೆ ಅದಕ್ಕಿಂತ ಕಡಿಮೆ. ಒಂದಿಷ್ಟು ಹಾಲು, ಮಜ್ಜಿಗೆ ಸೇರಿದರೆ ಮನೆಯ ಅಗತ್ಯ ಪೂರೈಸಿತೆಂದೇ ತಿಳಿಯಬೇಕು. ತೊಗರಿಬೇಳೆಯಷ್ಟೇ ಪ್ರೋಟೀನ್ ಉಳ್ಳ ಹುರುಳಿಯು ಸಾಮಾನ್ಯವಾಗಿ ಅದಕ್ಕಿಂತ ಅಗ್ಗವೆಂಬುದನ್ನೂ ಗಮನಿಸಬೇಕು.

ರೊಟ್ಟಿಯುಂಡವರಿಗೆ ಬೇಗ ಹಸಿವಾಗದು ಎಂಬುದರ ಹಿಂದೆಯೂ ಕಾರಣವಿದೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂನಷ್ಟೂ ಇಲ್ಲ. ನಾರು ಜೀರ್ಣಕ್ರಿಯೆಯನ್ನು ನಿಧಾನಗೊಳಿಸಿ ತೃಪ್ತಿಯನ್ನು ಬಹುಕಾಲ ಉಳಿಸುತ್ತದೆ.

ಹಿರಿಯರ ಊಟದ ಜಾಣ್ಮೆ

ಧಾನ್ಯಗಳಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಕಾಳುಗಳಲ್ಲಿ ಅದು ಹೇರಳ. ಕಾಳುಗಳಲ್ಲಿ ಕೊರತೆಯಿರುವ ಅಂಶ ಧಾನ್ಯಗಳಲ್ಲಿದೆ. ರೊಟ್ಟಿಯೊಂದಿಗೆ ಕಾಳುಪಲ್ಲೆ ಅಥವಾ ಝುಣಕ, ನುಚ್ಚಿನೊಂದಿಗೆ ಸಾರು, ಅನ್ನದೊಂದಿಗೆ ಬೇಳೆ ಎಂಬ ನಮ್ಮ ಹಿರಿಯರ ಜೋಡಣೆ ಈ ಕೊರತೆಯನ್ನು ಪರಸ್ಪರ ತುಂಬುತ್ತದೆ. ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ಸೇರುತ್ತದೆ. ಊಟಕ್ಕೆ ನಿಂಬೆರಸ ಬೆರೆಸಿದರೆ ಅದು ಇನ್ನೂ ಹೆಚ್ಚುತ್ತದೆ. ಊಟದೊಡನೆ ಚಹಾ ಕುಡಿದರೆ ತಗ್ಗುತ್ತದೆ. ರಕ್ತಹೀನತೆಯುಳ್ಳ ತಾಯಂದಿರು ವೈದ್ಯರ ಸಲಹೆಯೊಂದಿಗೆ ಇವನ್ನೂ ಪಾಲಿಸಬೇಕು.

ಸೊಪ್ಪಿನ ವಿಷಯದಲ್ಲಿ ಅಂಗಳವೇ ಉತ್ತಮ ಅಂಗಡಿ. ರಾಜಗಿರಿ, ಮೆಂತ್ಯಗಳು ಬಿತ್ತಿದ ನಾಲ್ಕಾರು ವಾರಗಳಲ್ಲಿ ಕೈಗೆ ಬರುತ್ತವೆ. ಪುಂಡಿಯನ್ನು ಚಿವುಟಿದಷ್ಟೂ ಅದು ಚಿಗುರುತ್ತದೆ. ಒಂದು ನುಗ್ಗೆಮರವಿದ್ದರೆ ವರ್ಷದ ಬಹುಕಾಲ ಸೊಪ್ಪಿಗೆ ಬರವಿಲ್ಲ. ಪಾತ್ರೆ ತೊಳೆದ ನೀರಿನಲ್ಲಿ ಸಾಬೂನು ಬೆರೆಯದಿದ್ದರೆ ಅದೇ ಇವುಗಳಿಗೆ ಸಾಕು.

ಕೊಳ್ಳುವ ಕಾಲ, ಕಾಯುವ ಕ್ರಮ

ತೊಗರಿಯನ್ನು ಡಿಸೆಂಬರ್-ಜನವರಿಯಲ್ಲಿ, ಹಿಂಗಾರಿ ಜೋಳವನ್ನು ಸುಗ್ಗಿ ಮುಗಿದೊಡನೆ ಕೊಂಡರೆ ದರ ಹಗುರ. ಒಂದೇ ಸಲ ಹಣ ಹೊಂದಿಸುವುದು ಬಡವರಿಗೆ ಕಷ್ಟ. ಆದುದರಿಂದ ಓಣಿಯ ನಾಲ್ಕೈದು ಮನೆಯವರು ಕೂಡಿ ಒಬ್ಬ ರೈತನಿಂದ ಕ್ವಿಂಟಲ್ ಲೆಕ್ಕದಲ್ಲಿ ತಂದು ಹಂಚಿಕೊಳ್ಳುವುದು ಒಳ್ಳೆಯದು. ಸ್ತ್ರೀಶಕ್ತಿ ಸಂಘಗಳು ಈ ಕೆಲಸವನ್ನು ಸುಲಭವಾಗಿ ವಹಿಸಿಕೊಳ್ಳಬಲ್ಲವು. ಧಾನ್ಯವನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಆರಿದ ಮೇಲೆ ಬೇವಿನ ಒಣ ಎಲೆಯೊಂದಿಗೆ ತುಂಬಿಡಬೇಕು. ಬೇಳೆಗೆ ತುಸು ಹರಳೆಣ್ಣೆ ಸವರಿದರೆ ನುಸಿ ಹತ್ತದು. ಹಿಟ್ಟನ್ನು ಮಾತ್ರ ಹದಿನೈದು ದಿನಕ್ಕೆ ಸಾಲುವಷ್ಟೇ ಗಿರಣಿಯಲ್ಲಿ ಬೀಸಿಸಬೇಕು.

ಪೊಟ್ಟಣದ ಸಾವಯವ ಪದಾರ್ಥ ಕೊಳ್ಳುವವರು ‘ಜೈವಿಕ್ ಭಾರತ್’ ಮುದ್ರೆಯನ್ನು ನೋಡಬೇಕು. ನೇರವಾಗಿ ಗ್ರಾಹಕರಿಗೆ ಮಾರುವ ಸಣ್ಣ ರೈತರಿಗೆ ಈ ಪ್ರಮಾಣಪತ್ರದಿಂದ ವಿನಾಯಿತಿಯಿದೆ. ಅಲ್ಲಿ ಮುದ್ರೆಯ ಬದಲು ನಂಬಿಕೆಯೇ ಆಧಾರ. ಸಾಧ್ಯವಾದರೆ ವರ್ಷಕ್ಕೊಮ್ಮೆಯಾದರೂ ಆ ಹೊಲಕ್ಕೆ ಹೋಗಿ ಬನ್ನಿ. ಸಾವಯವವೆಂದ ಮಾತ್ರಕ್ಕೆ ಸಕ್ಕರೆ ತುಂಬಿದ ಬಿಸ್ಕತ್ತು ಪೌಷ್ಟಿಕವಾಗದೆಂಬುದನ್ನೂ ನೆನಪಿಡಿ.

ಕೊನೆಯದಾಗಿ, ರೈತನೊಡನೆ ಅತಿಯಾಗಿ ಚೌಕಾಸಿ ಮಾಡಿ ಉಳಿಸಿದ ಹಣ ನಿಜವಾದ ಮಿತವ್ಯಯವಲ್ಲ. ಅವನ ಕಾಯಕಕ್ಕೆ ತಕ್ಕ ಬೆಲೆ ದೊರೆತರೆ ಮಾತ್ರ ಬರುವ ವರ್ಷವೂ ಅವನು ನಿರ್ವಿಷವಾಗಿ ಬೆಳೆದಾನು. ಉಳಿತಾಯ ಮಾಡಬೇಕಾದುದು ನಮ್ಮ ತಟ್ಟೆಯಲ್ಲಿ. ಬೇಕಾದಷ್ಟೇ ಬಡಿಸಿಕೊಂಡು, ಪ್ರಸಾದವೆಂಬ ಭಾವದಿಂದ ಒಂದಗುಳೂ ಚೆಲ್ಲದೆ ಸ್ವೀಕರಿಸುವ ಮನೆಯಲ್ಲಿ ಕಡಿಮೆ ಆದಾಯವೂ ಸಾಕಾಗುತ್ತದೆ.