ರೋಮ್‌ನಲ್ಲಿ ಕೂತರೆ ಕಾಸು!

ಹನ್ನೆರಡು ದಿನದಲ್ಲಿ ಎಂಟು ದೇಶ, ಅರ್ಧ ಯುರೋಪ್ ಬಸ್ಸಿನ ಕಿಟಕಿಯಲ್ಲೇ. ಇಂಥ ಪ್ಯಾಕೇಜ್‌ಗೆ ವರ್ಷದ ಉಳಿತಾಯ ಸುರಿಯುವ ಬದಲು ಒಂದೇ ಊರಲ್ಲಿ ಐದು ದಿನ ಇದ್ದು ಬನ್ನಿ. ಆ ಊರು ರೋಮ್ ಆದರೆ ಇನ್ನೂ ಒಳ್ಳೆಯದು. ಅಲ್ಲಿ ನೋಡಬೇಕಾದ್ದು ಎಷ್ಟೋ ಪುಕ್ಕಟೆ. ಜೇಬು ಖಾಲಿ ಆಗೋದು ಬೇರೆ ಕಡೆ.

ಮೊದಲು ತಪ್ಪಿಸಲಾಗದ ಖರ್ಚು. ಷೆಂಗೆನ್ ವೀಸಾ ಶುಲ್ಕ 90 ಯೂರೋ, ವೀಸಾ ಸಿಗದಿದ್ದರೂ ವಾಪಸ್ ಬರಲ್ಲ. ಜೊತೆಗೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಇನ್ನೊಂದನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯೋದಿಲ್ಲ: ನಗರ ತೆರಿಗೆ. ಮೂರು ಸ್ಟಾರ್ ಹೋಟೆಲಾದರೆ ತಲೆಗೆ ರಾತ್ರಿಗೆ 6 ಯೂರೋ. ಗಂಡ ಹೆಂಡತಿ ಐದು ರಾತ್ರಿ ಉಳಿದರೆ 60 ಯೂರೋ. ಸಾಮಾನ್ಯವಾಗಿ ಇದನ್ನು ಹೋಟೆಲ್‌ನಲ್ಲೇ ಬೇರೆಯಾಗಿ ಕಟ್ಟಬೇಕು.

ಇನ್ನು ಕಾಫಿ. ರೋಮನ್ನರು ಕೌಂಟರ್ ಮುಂದೆ ನಿಂತೇ ಕುಡಿಯುತ್ತಾರೆ, ಥೇಟ್ ನಮ್ಮ ದರ್ಶಿನಿ ಥರ. ಹಲವು ಕಡೆ ಮೊದಲು ಕ್ಯಾಷ್‌ನಲ್ಲಿ ದುಡ್ಡು ಕೊಟ್ಟು, ಚೀಟಿ ತೋರಿಸಿದರೆ ಕಾಫಿ. ನಿಂತರೆ ಒಂದೂವರೆ ಯೂರೋ ಆಸುಪಾಸು. ಅದೇ ಕಾಫಿಗೆ ಪ್ರವಾಸಿಗರ ಚೌಕದಲ್ಲಿ ಕುರ್ಚಿ ಎಳೆದು ಕೂತಿರೋ, ಬಿಲ್ ಮೂರು ನಾಲ್ಕು ಪಟ್ಟು. ಊಟಕ್ಕೆ ಕೂತಾಗಲೂ ಹುಷಾರು, ಕೇಳದೆ ತಂದಿಟ್ಟ ಬ್ರೆಡ್ಡಿಗೂ ಬಿಲ್ಲಿನಲ್ಲಿ ದುಡ್ಡು ಸೇರಿರಬಹುದು.

ಸಸ್ಯಾಹಾರಿಗಳಿಗೆ ತೂಕದ ಮೇಲೆ ಕತ್ತರಿಸಿ ಕೊಡುವ ಪಿಜ್ಜಾ ದೇವರು ಕೊಟ್ಟ ವರ. ಆಲೂಗೆಡ್ಡೆ ಹಾಕಿದ್ದು, ಬರೀ ಟೊಮೇಟೊ ಹಚ್ಚಿದ್ದು, ಯಾವುದು ಬೇಕೋ ಬೆರಳು ತೋರಿಸಿದರಾಯಿತು. ಕಟ್ಟುನಿಟ್ಟಿನವರು ಗಮನಿಸಿ: ಅಲ್ಲಿನ ಪೆಕೊರಿನೊ ರೊಮಾನೊ ಚೀಸ್‌ಗೆ ಹೆಪ್ಪು ಹಾಕುವುದು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ.

ನೀರಿಗಂತೂ ಒಂದು ಪೈಸೆ ಬೇಡ. ಊರ ತುಂಬ ಸುಮಾರು 2,500 ಬೀದಿ ನಲ್ಲಿಗಳಿವೆ. ಹೆಸರು ‘ನಸೋನಿ’, ಅಂದರೆ ದೊಡ್ಡ ಮೂಗು (ನಮ್ಮ ‘ನಾಸಿಕ’ದ ದೂರದ ನೆಂಟ). ನಲ್ಲಿಯ ಬಾಯಿಗೆ ಬೆರಳು ಒತ್ತಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಬಾಟಲಿ ಇಲ್ಲದೆಯೂ ಕುಡಿಯಬಹುದು. ಬೇಸಿಗೆಯಲ್ಲಿ ಇದರ ಬೆಲೆ ಗೊತ್ತಾಗುತ್ತೆ.

ದುಡ್ಡು ಕೊಟ್ಟು ನೋಡಲೇಬೇಕಾದ್ದು ಕೊಲೊಸಿಯಂ. ಟಿಕೆಟ್ 18 ಯೂರೋ, ಪಕ್ಕದ ರೋಮನ್ ಫೋರಂ ಅದರಲ್ಲೇ ಸೇರಿದೆ. ಟಿಕೆಟ್ ಮೇಲೆ ನಿಮ್ಮ ಹೆಸರಿರುತ್ತದೆ, ಪಾಸ್‌ಪೋರ್ಟ್ ಜೊತೆಗಿರಲಿ. ತಿಂಗಳ ಮೊದಲೇ ಅಧಿಕೃತ ಜಾಲತಾಣದಲ್ಲಿ ತಗೊಳ್ಳಿ. ತಡ ಮಾಡಿದರೆ ಮರುಮಾರಾಟದವರ ಕೈಗೆ ಬೀಳ್ತೀರಿ, ಅವರು ಹೇಳಿದ್ದೇ ರೇಟು. ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ ನಿಜ. ಆದರೆ ಆ ನೂಕುನುಗ್ಗಲಲ್ಲಿ ನಿಲ್ಲೋದಕ್ಕಿಂತ 18 ಯೂರೋ ಕೊಡೋದೇ ವಾಸಿ.

ಪುಕ್ಕಟೆ ಸಿಗುವುದು ಕಳಪೆ ಅಂದ್ಕೋಬೇಡಿ. ಸೇಂಟ್ ಪೀಟರ್ಸ್ ಬೆಸಿಲಿಕಾದೊಳಗೆ ಮೈಕೆಲ್ಯಾಂಜೆಲೊನ ‘ಪಿಯೆಟಾ’ ಇದೆ, ಪ್ರವೇಶ ಉಚಿತ. ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿರಬೇಕು ಅಷ್ಟೆ. ಅವನದೇ ‘ಮೋಸೆಸ್’ ಕೊಲೊಸಿಯಂ ಹತ್ತಿರದ ಸ್ಯಾನ್ ಪಿಯೆತ್ರೊ ಇನ್ ವಿಂಕೊಲಿ ಚರ್ಚಿನಲ್ಲಿದೆ. ನವೋನಾ ಚೌಕದ ಪಕ್ಕದ ಸ್ಯಾನ್ ಲುಯಿಜಿ ದೇಯ್ ಫ್ರಾಂಚೇಜಿ ಚರ್ಚಿನ ಮೂಲೆಯಲ್ಲಿ ಕ್ಯಾರವಾಜ್ಜೊ ಬರೆದ ಮೂರು ದೊಡ್ಡ ಚಿತ್ರಗಳಿವೆ. ಮಬ್ಬು ಬೆಳಕು, ಡಬ್ಬಿಗೆ ನಾಣ್ಯ ಹಾಕಿದರೆ ಸ್ವಲ್ಪ ಹೊತ್ತು ದೀಪ ಹತ್ತುತ್ತದೆ. ಇಡೀ ರೋಮ್‌ನಲ್ಲಿ ನಾಣ್ಯಕ್ಕೆ ಇದಕ್ಕಿಂತ ಒಳ್ಳೆ ಖರ್ಚಿಲ್ಲ. ಅನೇಕ ಚರ್ಚುಗಳು ಮಧ್ಯಾಹ್ನ ಮುಚ್ಚಿರುತ್ತವೆ, ಬೆಳಿಗ್ಗೆಯೇ ಹೋಗಿ.

ಓಡಾಟಕ್ಕೆ 1.50 ಯೂರೋ ಟಿಕೆಟ್ 100 ನಿಮಿಷ ಬಸ್ಸು, ಟ್ರಾಮ್‌ಗೆ ನಡೆಯುತ್ತದೆ, ಮೆಟ್ರೊಗೆ ಒಂದು ಸಲ. ಹತ್ತಿದ ಕೂಡಲೇ ಯಂತ್ರದಲ್ಲಿ ಮುದ್ರೆ ಹಾಕಿಸಿ, ಇಲ್ಲದಿದ್ದರೆ ಟಿಕೆಟ್ ಕೈಯಲ್ಲಿದ್ದೂ ದಂಡ.

ಕಾಲು ಸೋತಿತು ಅಂತ ಸ್ಪ್ಯಾನಿಷ್ ಸ್ಟೆಪ್ಸ್ ಮೆಟ್ಟಿಲ ಮೇಲೆ ಮಾತ್ರ ಕೂರಬೇಡಿ. 2019ರಿಂದ ಅಲ್ಲಿ ಕೂರುವುದು ನಿಷಿದ್ಧ, ದಂಡ 250 ಯೂರೋ. ಬದಲಿಗೆ ಸಂಜೆ ಜನಿಕ್ಯುಲಂ ಗುಡ್ಡ ಹತ್ತಿ. ಇಡೀ ಊರು ಕಾಣುತ್ತದೆ, ಎಷ್ಟು ಹೊತ್ತು ಕೂತರೂ ಬಿಲ್ ತರುವವರಿಲ್ಲ.