ಹಾಸ್ಯದ ಮಾತು ಒಳಗೆ ಕೂತಾಗ

ಓದುಗರೇ, ಕಣಕಟ್ಟೆಯಂಥ ಊರಿನಲ್ಲಿ ಒಬ್ಬ ಹುಡುಗನಿದ್ದಾನೆ ಎಂದುಕೊಳ್ಳಿ. ಅವನ ಮನಸ್ಸು ಹುಡುಗರತ್ತಲೇ ಹೋಗುತ್ತದೆ. ಅದು ಅವನಿಗೆ ತಿಳಿಯುವುದು ಹದಿಮೂರು, ಹದಿನಾಲ್ಕರ ವಯಸ್ಸಿನಲ್ಲಿ. ಆದರೆ 'ಹೆಣ್ಣಿಗ' ಎಂಬ ಬೈಗುಳವನ್ನು ಅವನು ಅದಕ್ಕೂ ಎಷ್ಟೋ ಮೊದಲೇ ಕಲಿತಿರುತ್ತಾನೆ. ಯಾರನ್ನೋ ಹಾಗೆ ಕರೆದು ತಾನೂ ನಕ್ಕಿರುತ್ತಾನೆ. ಮುಂದೆ ಆ ಹೀಗಳಿಕೆ ಅವನತ್ತಲೇ ತಿರುಗುತ್ತದೆ. ಇದೇ ಒಳಗಿಳಿದ ಕಳಂಕ.

ಇದರ ಬೇರು ಎಲ್ಲಿದೆ? ಒಬ್ಬರು ಯಾರನ್ನು ಪ್ರೀತಿಸುತ್ತಾರೆ ಎಂಬುದು ಒಂದು ಸಂಗತಿ. ಅವರ ನಡೆ, ನುಡಿ, ಉಡುಗೆ ಹೇಗೆ ಎಂಬುದು ಇನ್ನೊಂದು. ನಾವು ಎರಡನ್ನೂ ಒಂದೇ ಎಂದು ತಿಳಿದಿದ್ದೇವೆ. ತೆಂಗಿನಕಾಯಿಯ ಸಿಪ್ಪೆ ನೋಡಿ ನೀರಿನ ರುಚಿ ಹೇಳಲಾಗದೆಂದು ಅರಸೀಕೆರೆ ಸೀಮೆಯವರಿಗೆ ಗೊತ್ತು. ಮೀಸೆಯ ಪೈಲ್ವಾನ ಗಂಡಸನ್ನು ಪ್ರೀತಿಸಬಹುದು. ಮೆಲುದನಿಯವನು ಹೆಂಡತಿ ಮಕ್ಕಳೊಡನೆ ಸುಖವಾಗಿರಬಹುದು. ಹೆಣ್ಣನ್ನು ಪ್ರೀತಿಸುವ ಹೆಣ್ಣು 'ಗಂಡುಬೀರಿ'ಯೇ ಆಗಿರಬೇಕಿಲ್ಲ. ಅವಳೂ ಹೂ ಮುಡಿಯಬಹುದು. ಇಬ್ಬರು ಗಂಡಸರು ಜೊತೆಯಲ್ಲಿ ಬಾಳಿದರೆ 'ಇವರಲ್ಲಿ ಹೆಂಡತಿ ಯಾರು?' ಎನ್ನುತ್ತೇವೆ. ಅನ್ನ ಮಾಡುವವರು ಯಾರು, ಬಾಡಿಗೆ ಕಟ್ಟುವವರು ಯಾರು ಎಂಬುದನ್ನು ಅವರೇ ಹಂಚಿಕೊಳ್ಳುತ್ತಾರೆ, ಅಷ್ಟೆ.

ಈ ಕಳಂಕದ ಬೆಲೆ ದೊಡ್ಡದು. ಗಂಡಸುತನ ತೋರಿಸಲು ಕೆಲವರು ತಮ್ಮಂಥ ಮೃದು ಸ್ವಭಾವದವರನ್ನೇ ದೂರವಿಡುತ್ತಾರೆ. ಮನೆಯವರ ಒತ್ತಾಯಕ್ಕೆ ಮದುವೆಯಾಗುತ್ತಾರೆ. ಏನೂ ಅರಿಯದ ಇನ್ನೊಂದು ಜೀವವೂ ನೋಯುತ್ತದೆ. ಹೆಣ್ಣುಮಕ್ಕಳಿಗಂತೂ 'ಒಲ್ಲೆ' ಎನ್ನುವ ಅವಕಾಶವೇ ಕಡಿಮೆ. ಬದುಕೇ ಬೇಡ ಎಂಬಲ್ಲಿಗೆ ಹೋದವರೂ ಇದ್ದಾರೆ.

ಸಲಿಂಗ ಪ್ರೇಮ ರೋಗವಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಅದನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿತು. ಅದನ್ನು 'ಬದಲಾಯಿಸುವ' ಚಿಕಿತ್ಸೆ ವೈದ್ಯರ ವೃತ್ತಿಗೆ ತಕ್ಕ ನಡತೆಯಲ್ಲವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ಒಪ್ಪಿಗೆಯುಳ್ಳ ವಯಸ್ಕರ ಸಂಬಂಧ ಅಪರಾಧವಲ್ಲವೆಂದು ತೀರ್ಪಿತ್ತಿತು. 2023ರ ತೀರ್ಪಿನಲ್ಲಿ ಮದುವೆಗೆ ಮಾತ್ರ ಮಾನ್ಯತೆ ಸಿಗಲಿಲ್ಲ. ಕನ್ನಡದಲ್ಲಿ ವಸುಧೇಂದ್ರರ 'ಮೋಹನಸ್ವಾಮಿ' ಕಥಾಸಂಕಲನ 2013ರಲ್ಲಿ ಈ ನೋವಿಗೆ ಮಾತು ಕೊಟ್ಟಿತು.

ಕಾನೂನು ಹಗುರ ಮಾಡಿದ ಹೊರೆಯನ್ನು ಮನೆಯ ನಗು ಮತ್ತೆ ಹೊರಿಸುತ್ತದೆ. ಬಳುಕಿ ನಡೆಯುವ ಪಾತ್ರಗಳನ್ನು ತೋರಿಸಿ ನಗಿಸಿದ್ದರಲ್ಲಿ ಕಿರುತೆರೆಯವರಾದ ನಮ್ಮ ಪಾಲೂ ಇದೆ. ಅಂಥ ಪಾತ್ರ ಕಂಡಾಗ ನೀವು ಆಡುವ ಮಾತನ್ನು ಪಕ್ಕದಲ್ಲಿ ಊಟಕ್ಕೆ ಕುಳಿತ ಮಗ ಕೇಳಿಸಿಕೊಳ್ಳುತ್ತಾನೆ, ಮಗಳು ಕೇಳಿಸಿಕೊಳ್ಳುತ್ತಾಳೆ. ತಮ್ಮ ಮನಸ್ಸನ್ನು ನಿಮ್ಮೆದುರು ಬಿಚ್ಚಬಹುದೋ ಬಾರದೋ ಎಂದು ಅವರು ತೀರ್ಮಾನಿಸುವುದು ಆಗಲೇ. ಮನಸ್ಸು ಭಾರವಾದವರು 14416ಕ್ಕೆ ಉಚಿತವಾಗಿ ಕರೆ ಮಾಡಿ ಟೆಲಿ ಮಾನಸ್ ಸಲಹೆಗಾರರೊಡನೆ ಮಾತಾಡಬಹುದು.